ಹಿಂದಿನ ಚಾಪೆಯ ಎಸ್ತೇರಮ್ಮ

ಎಸ್ತೇರಮ್ಮ ಜನರನ್ನು ಆರಾಧನೆಗೆ ಕರೆಯುತ್ತಿದ್ದ ರೀತಿ ಜಗಳಕ್ಕೆ ಕರೆದ ಹಾಗಿರುತ್ತಿತ್ತು. ದಾವಣಗೆರೆಯ ನಮ್ಮ ಪುಟ್ಟ ಚರ್ಚಿಗೆ ಗಂಟೆ ಇರಲಿಲ್ಲ. ಅಂಗಳದ ಬೇವಿನ ಮರಕ್ಕೆ ಮೊಳದುದ್ದದ ರೈಲುಹಳಿಯ ತುಂಡೊಂದನ್ನು ಸರಪಳಿಯಲ್ಲಿ ನೇತುಹಾಕಿದ್ದರು. ಭಾನುವಾರ ಬೆಳಿಗ್ಗೆ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಬ್ಬಿಣದ ಸರಳು ಹಿಡಿದು ಅದನ್ನು ಬಾರಿಸತೊಡಗಿದರೆ ರಸ್ತೆಯಲ್ಲಿ ಅರಳೆ ಹೇರಿಕೊಂಡು ಹೊರಟ ಗಾಡಿಗಳ ಎತ್ತುಗಳು ಬೆದರಿ ಪಕ್ಕಕ್ಕೆ ಎಳೆಯುತ್ತಿದ್ದವು. "ಅಜ್ಜೀ, ಮೆಲ್ಲಕ ಹೊಡಿಯಬಾರದೇನು?" ಎಂದು ಗಾಡಿಯವರು ಕೂಗಿದರೆ, "ನಿನ್ನ ಎತ್ತಿಗೆ ಕಿವಿ ಐತಪ್ಪ, ನಮ್ಮ ಜನಕ್ಕ ಇಲ್ಲ. ಏನ್ ಮಾಡ್ಲಿ?" ಎಂದು ಇನ್ನೂ ಎರಡೇಟು ಜೋರಾಗಿ ಹಾಕುತ್ತಿದ್ದಳು.

ಆಕೆ ಹರಿಹರದವಳು. ಗಂಡ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದು ಸತ್ತ ಮೇಲೆ ನಮ್ಮ ಸಭೆಯವರು ಚರ್ಚಿನ ಹಿಂದಿನ ಕೋಣೆಯನ್ನು ಆಕೆಗೆ ಬಿಟ್ಟುಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಕಸ ಗುಡಿಸುವುದು, ಚಾಪೆ ಹಾಸುವುದು, ಹಳಿ ಬಾರಿಸುವುದು ಎಲ್ಲ ಆಕೆಯದು. ಯಾರಿಗೂ ಹೆದರುವ ಪ್ರಾಣಿಯಲ್ಲ ಅದು. ಎದುರಿಗೆ ಪೊಲೀಸಿನವನಿರಲಿ, ಕೋಟು ಹಾಕಿದ ಡಾಕ್ಟರಿರಲಿ, ಎಲ್ಲರಿಗೂ ಒಂದೇ ದನಿ.

ಅಂಥ ಹೆಂಗಸು ವರ್ಷಕ್ಕೆ ನಾಲ್ಕು ಸಲ ನಡುಗುವುದನ್ನು ನಾನು ಕಂಡಿದ್ದೇನೆ. ಮೂರು ತಿಂಗಳಿಗೊಮ್ಮೆ ನಮ್ಮಲ್ಲಿ ಕರ್ತನ ಭೋಜನ ನಡೆಯುತ್ತಿತ್ತು. ಬೇರೆ ಊರಲ್ಲಿದ್ದ ಪಾದ್ರಿಗಳು, ನಾವು ಅಯ್ಯನವರು ಎನ್ನುತ್ತಿದ್ದವರು, ಅಂದು ಬಂದು ರೊಟ್ಟಿ ಮುರಿದು ಹಂಚಿ, ದ್ರಾಕ್ಷಾರಸದ ಬಟ್ಟಲನ್ನು ಒಬ್ಬೊಬ್ಬರ ತುಟಿಗೆ ಹಿಡಿಯುತ್ತಿದ್ದರು. ಆ ದ್ರಾಕ್ಷಾರಸ ಎಸ್ತೇರಮ್ಮನ ಒಲೆಯ ಮೇಲೆ ಆಗುತ್ತಿತ್ತು. ಒಣದ್ರಾಕ್ಷಿ ನೆನೆಸಿ, ಕಿವುಚಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುವಷ್ಟು ಹೊತ್ತೂ ಆಕೆ ತುಟಿ ಬಿಚ್ಚುತ್ತಿರಲಿಲ್ಲ. ಬಟ್ಟಲನ್ನು ಮೇಜಿನ ಮೇಲೆ ಇಡುವಾಗ ಕೈ ಗಡಗಡ ಅನ್ನುತ್ತಿತ್ತು. ಒಮ್ಮೆ ನಾನು ಕೇಳಿಯೇಬಿಟ್ಟೆ.

"ಅಜ್ಜಿ, ನಿಮಗೂ ಭಯ ಆಗುತ್ತಾ?"

"ಹ್ಞೂ ಮತ್ತೆ, ಆಗದೆ ಏನು? ಭಯದಾಗ ಎರಡು ಥರ ಐತೆ ವಿಮಲಿ. ನಾಯಿ ಅಟ್ಟಿಸಿಕೊಂಡು ಬಂದ್ರ ಏನ್ ಮಾಡ್ತೀ?"

"ಓಡ್ತೀನಿ."

"ಹೊಳಿ ಕಂಡ್ರ?"

ಆಕೆಯೇ ಮುಂದುವರಿಸಿದಳು.

"ನಮ್ಮ ಹರಿಹರದಾಗ ಬಂದು ನೋಡು. ಚಪ್ಪಲಿ ಬಿಟ್ಟು, ಸೀರಿ ಎತ್ತಿ ಕಟ್ಟಿ, ಮೆಲ್ಲಕ ಕಾಲಿಡ್ತೀವಿ. ಅದರ ಕೂಡ ಹುಡುಗಾಟ ಆಡೋ ಹಂಗಿಲ್ಲ ಅಂತ ಎಲ್ಲಾರ್ಗೂ ಗೊತ್ತು. ಹಂಗಂತ ಯಾರಾದ್ರೂ ಹೊಳಿ ಬಿಟ್ಟು ಓಡ್ತಾರೇನು? ಕುಡಿಯೋದು ಅದನ್ನೇ, ಮೈ ತೊಳಿಯೋದು ಅದ್ರಾಗೇ. ದೇವ್ರ ಭಯ ಅಂದ್ರ ಅದು. ನಿಮ್ಮ ಪೌಲಪ್ಪ ಹಿರಿಯರು ಕಲಿಸ್ತಾರಲ್ಲ, ಅದು ನಾಯಿ ಭಯ."

ಈ ಪೌಲಪ್ಪನವರ ಬಗ್ಗೆ ಹೇಳಲೇಬೇಕು. ಹೇಳುವಾಗ ನನ್ನ ದನಿ ಏರಿದರೆ ಏರಲಿ. ಅವರು ನಮ್ಮ ಸಭೆಯ ಹಿರಿಯರು. ಬಟ್ಟೆ ಮಿಲ್ಲಿನಲ್ಲಿ ಮೇಸ್ತ್ರಿ. ಸಭೆಯ ಅರ್ಧಕ್ಕರ್ಧ ಗಂಡಸರು, ನಮ್ಮ ಅಪ್ಪನೂ ಸೇರಿ, ಅವರ ಕೈಕೆಳಗೇ ದುಡಿಯುತ್ತಿದ್ದರು. ಹೀಗೆ ವಾರವಿಡೀ ಹೆದರಿಸಿದವರೇ ಭಾನುವಾರವೂ ಹೆದರಿಸಲು ಎದುರಿಗೆ ನಿಲ್ಲುತ್ತಿದ್ದರು. "ದೇವರ ಭಯ" ಎಂಬ ಮಾತು ಅವರ ಬಾಯಲ್ಲಿ ಎಲೆ ಅಡಿಕೆಯ ಹಾಗೆ ಸದಾ ಇರುತ್ತಿತ್ತು. ಮಕ್ಕಳ ಭಾನುವಾರದ ಪಾಠವೂ ಅವರದೇ. ನನಗೆ ಏಳು ವರ್ಷವಿದ್ದಾಗ ಒಂದು ದಿನ ನರಕದ ಬೆಂಕಿಯನ್ನು ವರ್ಣಿಸುತ್ತಾ, ಸುಳ್ಳು ಹೇಳಿದ ಮಗುವಿನ ನಾಲಿಗೆ ಅಲ್ಲಿ ಹೇಗೆ ಸುಡುತ್ತದೆ ಎಂದು ಬೆರಳು ತೋರಿಸಿ ನನ್ನನ್ನೇ ಕೇಳಿದರು. ನಾನು ಕೂತ ಚಾಪೆಯ ಮೇಲೆಯೇ ಉಚ್ಚೆ ಹೊಯ್ದುಕೊಂಡೆ. ಮಕ್ಕಳು ನಗಲಿಲ್ಲ. ಅವರಿಗೂ ಅಷ್ಟೇ ಹೆದರಿಕೆಯಾಗಿತ್ತು.

ಎಸ್ತೇರಮ್ಮ ಒರೆಸುವ ಬಟ್ಟೆ ಹಿಡಿದು ಬಂದಳು. ನನ್ನನ್ನು ಎಬ್ಬಿಸಿ ತನ್ನ ಹಿಂದೆ ನಿಲ್ಲಿಸಿಕೊಂಡು ಹಿರಿಯರ ಮುಖ ನೋಡಿದಳು.

"ಹಿರಿಯರೇ, ಕೂಸುಗಳು ಉಚ್ಚೆ ಹೊಯ್ದುಕೊಳ್ಳೋದು ಇದ್ದದ್ದೇ. ಒರೆಸ್ತೀನಿ. ಆದ್ರ ದೇವ್ರ ಹೆಸರು ಕೇಳಿ ಹೊಯ್ದುಕೊಂಡ್ರ ಆ ಗಲೀಜು ಯಾರದು? ಬರ್ರಿ, ಅದನ್ನ ನೀವೇ ಒರೆಸ್ರಿ."

ಬಟ್ಟೆಯನ್ನು ಅವರ ಕಾಲ ಬಳಿ ಇಟ್ಟು ನನ್ನನ್ನು ಎತ್ತಿಕೊಂಡು ಹೊರಗೆ ಹೋದಳು. ಆ ಚಾಪೆಯನ್ನು ಕೊನೆಗೆ ಯಾರು ತೊಳೆದರೋ ನನಗೆ ತಿಳಿಯದು. ನನ್ನನ್ನು ಮಾತ್ರ ಆಕೆ ಬಿಸಿನೀರಲ್ಲಿ ತೊಳೆದು ತನ್ನ ಹಳೇ ಕುಪ್ಪಸ ತೊಡಿಸಿ ಮನೆಗೆ ಕಳಿಸಿದಳು.

ನನಗೆ ಹನ್ನೆರಡು ತುಂಬಿದ ವರ್ಷ ನಮ್ಮ ಮನೆಯಲ್ಲಿ ಆದದ್ದನ್ನು ನಾನು ಇವತ್ತಿಗೂ ಸಮಾಧಾನದಿಂದ ಹೇಳಲಾರೆ. ಆಗ ನಾವು ಊರಂಚಿನ ನಿಟ್ಟುವಳ್ಳಿಯಲ್ಲಿದ್ದೆವು. ಅದಿನ್ನೂ ಹಳ್ಳಿ. ನನ್ನ ತಮ್ಮ ಮೋಹನನಿಗೆ ಒಂದೂವರೆ ವರ್ಷ. ಸೋಮವಾರ ಜ್ವರ ಬಂತು, ಮಂಗಳವಾರ ಹಾಲು ಗಂಟಲಲ್ಲಿ ಇಳಿಯದಾಯಿತು. ಅಪ್ಪ "ನಾಳೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ" ಎಂದು ಕೆಲಸಕ್ಕೆ ಹೋದ. ಬುಧವಾರವೂ ಅದೇ ಮಾತು ಹೇಳಿ ಹೋದ. ಕೂಸು ಅತ್ತೂ ಅತ್ತೂ ದನಿ ಕಟ್ಟಿತು. ಪಕ್ಕದ ಮನೆಯ ಗೌರಮ್ಮ, ಕೊರಳಲ್ಲಿ ಲಿಂಗ ಕಟ್ಟಿದಾಕೆ, ಸಂಕಟ ತಡೆಯಲಾರದೆ ತನ್ನ ಪೂಜೆಯ ವಿಭೂತಿ ತಂದು ಕೂಸಿನ ಹಣೆಗೆ ಹಚ್ಚಿದಳು. "ಯಾವ ದೇವ್ರಾದ್ರೂ ಆಗ್ಲಿ ಶಾಂತಮ್ಮ, ಕಣ್ಣು ಬಿಡ್ಲಿ" ಎಂದು ತಲೆ ಸವರಿದಳು. ಸವರಿದ್ದಕ್ಕೋ, ಸುಸ್ತಾಗಿದ್ದಕ್ಕೋ, ಮೋಹನ ನಮ್ಮವ್ವನ ತೊಡೆಯ ಮೇಲೆ ನಿದ್ದೆ ಹೋದ. ಎರಡು ದಿನಗಳಲ್ಲಿ ಅದೇ ಮೊದಲ ನಿದ್ದೆ.

ಆ ಹೊತ್ತಿಗೆ ಪೌಲಪ್ಪ ಹಿರಿಯರು ಪ್ರಾರ್ಥನೆಗೆಂದು ಬಂದರು. ಹಣೆಯ ಮೇಲಿನ ಬಿಳಿ ಗೆರೆ ಕಂಡದ್ದೇ ಅವರ ಮುಖ ಕೆಂಪಾಯಿತು.

"ಒರೆಸು ಅದನ್ನ."

"ಎದ್ದ ಮ್ಯಾಲ ಒರೆಸ್ತೀನ್ರಿ. ಈಗಷ್ಟೇ ಕಣ್ಣು ಹತ್ತೈತೆ" ಎಂದಳು ಅವ್ವ, ಪಿಸುದನಿಯಲ್ಲಿ.

ಅಷ್ಟೇ. ನಮ್ಮವ್ವ ಮಾಡಿದ ಪಾಪ ಅಷ್ಟೇ. ಮಲಗಿದ ಕೂಸನ್ನು ಎಬ್ಬಿಸಲಿಲ್ಲ. ಹಿರಿಯರು ಪ್ರಾರ್ಥನೆ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಗುರುವಾರ ಬೆಳಿಗ್ಗೆ ಜಟಕಾ ಹಿಡಿದು ಆಸ್ಪತ್ರೆಗೆ ಓಡಿದೆವು, ದಾರಿಯಲ್ಲೇ ಮೋಹನನ ಉಸಿರು ನಿಂತಿತು. ಗಂಟಲಮಾರಿ, ಎರಡು ದಿನ ಮೊದಲು ತಂದಿದ್ದರೆ ಸೂಜಿ ಹಾಕಿ ಉಳಿಸಬಹುದಿತ್ತು ಎಂದರು ಡಾಕ್ಟರು.

ಮಣ್ಣು ಮಾಡುವಾಗ ಅಯ್ಯನವರು ಊರಲ್ಲಿರಲಿಲ್ಲ. ಹಿರಿಯರೇ ನಿಂತು ಮಾತನಾಡಿದರು. ಅಷ್ಟು ಸಣ್ಣ ಗುಂಡಿಯ ಮುಂದೆ ನಿಂತು, "ದೇವರ ಭಯ ಇಲ್ಲದ ಮನೆಯ ಮೇಲೆ ದೇವರ ಕೈ ಹೀಗೇ ಬರುತ್ತದೆ, ಉಳಿದವರು ನೋಡಿ ಕಲಿಯಿರಿ" ಎಂದರು. ಇದಕ್ಕೆ ಏನೆನ್ನಬೇಕು? ಹೆತ್ತ ಹೊಟ್ಟೆ ಅಲ್ಲೇ ಎದುರಿಗೆ ನಿಂತಿತ್ತು. ಅಪ್ಪ ತಲೆ ಎತ್ತಲಿಲ್ಲ. ಅವ್ವ ಅಳುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಆ ಮಾತು ಅವಳೊಳಗೆ ಹೊಕ್ಕು ಕೂತಿತು.

ಅಂದಿನಿಂದ ಅವ್ವ ಬೂದಿ ಮುಟ್ಟುವುದನ್ನು ಬಿಟ್ಟಳು. ನಮ್ಮ ಮನೆಯಲ್ಲಿ ಎಲ್ಲರ ಮನೆಯ ಹಾಗೆ ಒಲೆಯ ಬೂದಿಯಲ್ಲೇ ಪಾತ್ರೆ ತಿಕ್ಕುತ್ತಿದ್ದೆವು. ಅವಳು ಇಟ್ಟಿಗೆ ಪುಡಿ ಮಾಡಿಕೊಂಡು ತಿಕ್ಕತೊಡಗಿದಳು. ಒಲೆಯ ಬೂದಿ ತೆಗೆಯುವ ಕೆಲಸ ನನಗೆ ಬಂತು. ಗೌರಮ್ಮ ಎದುರಾದರೆ ಕೊಡ ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದಳು. ಮೋಹನನ ಹೆಸರನ್ನು ಬಾಯಿಗೆ ತರಲಿಲ್ಲ. ಕೆಲಸದ ನಡುವೆ ಇದ್ದಕ್ಕಿದ್ದ ಹಾಗೆ ನಿಂತು, "ಒರೆಸಿದ್ದಿದ್ರ ಬಿಟ್ಟುಬಿಡ್ತಿದ್ನೇನೋ ದೇವ್ರು" ಎನ್ನುತ್ತಿದ್ದಳು.

ಒಂದು ದಿನ ಮನೆಗೆ ಬಂದ ಎಸ್ತೇರಮ್ಮ ಆ ಇಟ್ಟಿಗೆ ಪುಡಿ ಕಂಡು ಯಾಕೆಂದು ಕೇಳಿದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಅವ್ವ ಎಲ್ಲ ಹೇಳಿದಳು. ಮೂಲೆಯಲ್ಲಿ ಕೂತಿದ್ದ ಅಪ್ಪನ ಬಾಯಿಂದ ಆಗ ಇನ್ನೊಂದು ಮಾತು ಹೊರಬಿತ್ತು. ಮಂಗಳವಾರವೂ ಬುಧವಾರವೂ ಅಪ್ಪ ಪೌಲಪ್ಪ ಮೇಸ್ತ್ರಿಯವರ ಮುಂದೆ ನಿಂತು, ಕೂಸನ್ನು ಆಸ್ಪತ್ರೆಗೆ ಒಯ್ಯಲು ಅರ್ಧ ದಿನ ಬಿಡಿ ಎಂದು ಕೇಳಿದ್ದನಂತೆ. "ಪಾಳಿ ಬಿಡಬ್ಯಾಡ, ನಂಬಿಕೆ ಇಡು, ನಾನೇ ಬಂದು ಪ್ರಾರ್ಥನೆ ಮಾಡ್ತೀನಿ" ಎಂದಿದ್ದರಂತೆ ಅವರು.

ಎಸ್ತೇರಮ್ಮ ಅಪ್ಪನ ಕಡೆಗೇ ತಿರುಗಿದಳು.

"ನಿಂಗೆ ಒಂದಿಷ್ಟಾದ್ರೂ ದೇವ್ರ ಭಯ ಇದ್ದಿದ್ರ ಆವತ್ತು ಪಾಳಿ ಬಿಟ್ಟು ಓಡಿ ಬರ್ತಿದ್ದಿ ಕಣೋ. ನಿಂಗೆ ಇದ್ದದ್ದು ಮೇಸ್ತ್ರಿ ಭಯ. ದೇವ್ರಿಗೆ ಇಡೋ ಭಯನ ಆ ಮನುಷ್ಯಂಗೆ ಇಟ್ಟು ಕುಂತಿ."

ಅಪ್ಪ ಗೋಡೆಗೆ ಮುಖ ಮಾಡಿಕೊಂಡು ಅತ್ತ. ಆಕೆ ಸಮಾಧಾನ ಮಾಡಲಿಲ್ಲ. ಅವ್ವನ ಕೈ ಹಿಡಿದು, "ಶಾಂತೀ, ಕೂಸು ಮಲಗ್ಲಿ ಅಂತ ಸುಮ್ನಿದ್ದ ತಾಯಿನ ದೇವ್ರು ಹೊಡಿಯಂಗಿಲ್ಲ. ಹೊಡೆದ ಅನ್ನೋದಾದ್ರ ಆತನ್ನ ನಾನೇ ಕೇಳ್ತೀನಿ" ಎಂದಳು. ಅವ್ವ ಕೈ ಬಿಡಿಸಿಕೊಂಡು, "ಹಂಗನಬ್ಯಾಡ ಅಕ್ಕ, ಆತ ಕೇಳಿಸಿಕೊಂತಾನೆ" ಎಂದು ಸೂರಿನ ಕಡೆ ನೋಡಿದಳು.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಕರ್ತನ ಭೋಜನದ ಹಿಂದಿನ ಶನಿವಾರ ಸಂಜೆ ಎಲ್ಲರೂ ಸೇರಬೇಕು. ಮನಸ್ತಾಪ ಇದ್ದವರು ಪರಸ್ಪರ ಕ್ಷಮೆ ಕೇಳಬೇಕು. ಆಮೇಲೆ ಹಿರಿಯರು ಮರುದಿನ ಭೋಜನಕ್ಕೆ ಬರುವವರ ಪಟ್ಟಿ ಓದುತ್ತಾರೆ. ಹೆಸರು ಓದಿದವರಿಗೆ ರೊಟ್ಟಿ ಉಂಟು, ಓದದವರು ಮರುದಿನ ಹಿಂದಿನ ಚಾಪೆಯಲ್ಲಿ ಕೂತು ನೋಡಬೇಕು. ಕಾರಣ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರುತ್ತಿರಲಿಲ್ಲ. ಆ ಶನಿವಾರ ಪೌಲಪ್ಪನವರು ಪಟ್ಟಿ ಓದಿ ಮಡಿಚಿದರು. ಅಪ್ಪನ ಹೆಸರಿತ್ತು, ಅವ್ವನದಿರಲಿಲ್ಲ.

ಬಾಗಿಲ ಬಳಿಯಿಂದ ಎಸ್ತೇರಮ್ಮನ ದನಿ ಕೇಳಿಸಿತು. "ಶಾಂತಮ್ಮನ ಹೆಸರು ಓದ್ಲಿಲ್ರಿ."

"ಆಕೆ ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನಲಿ. ಆಮೇಲೆ ನೋಡೋಣ."

"ಯಾವ ತಪ್ಪು?"

"ಅದು ಆಕೆಗೆ ಗೊತ್ತಿದೆ."

"ನಂಗೂ ಗೊತ್ತೈತ್ರಿ!" ಎಂದು ಆಕೆ ಸಭೆಯ ನಡುವಿಗೆ ಬಂದೇಬಿಟ್ಟಳು. "ಕೂಸು ಮಲಗ್ಲಿ ಅಂತ ಸುಮ್ನಿದ್ದಾಕಿ ಹೆಸರಿಲ್ಲ. ಆ ಕೂಸನ್ನ ಆಸ್ಪತ್ರಿಗೆ ಒಯ್ಯಾಕ ಅರ್ಧ ದಿನ ಬಿಡದೆ ಇದ್ದೋರ ಹೆಸರು ಪಟ್ಟೀಲಿ ಮೊದಲಿಗೇ ಐತೆ! ಯಾರ್ರಿ ಬರೆದೋರು ಇದನ್ನ? ದೇವ್ರೇನು?"

ಹಿರಿಯರು ಪಟ್ಟಿಯನ್ನು ಜೇಬಿಗೆ ತುರುಕಿದರು, ಸಿಟ್ಟಿಗೋ ನಾಚಿಕೆಗೋ ಹೇಳಲಾರೆ.

"ನಂದೂ ಹೊಡೆದು ಹಾಕ್ರಿ. ಆಕಿ ಉಣ್ಣದ ಮೇಜಿನಾಗ ನಾ ಉಣ್ಣಂಗಿಲ್ಲ."

ಮರುದಿನ ಆಕೆ ಎಂದಿನಂತೆ ದ್ರಾಕ್ಷಾರಸ ಸೋಸಿ, ಬಟ್ಟಲು ತಂದು ಮೇಜಿನ ಮೇಲಿಟ್ಟು, ತಲೆ ತುಂಬ ಸೆರಗು ಹೊದ್ದು, ಬಂದು ಹಿಂದಿನ ಚಾಪೆಯ ಮೇಲೆ ಅವ್ವನ ಪಕ್ಕ ಕೂತಳು. ತಾನೇ ಮಾಡಿದ್ದನ್ನು ತಾನು ಮುಟ್ಟಲಿಲ್ಲ. ಹೀಗೇ ಏಳು ವರ್ಷ. ಒಂದಲ್ಲ ಎರಡಲ್ಲ, ಏಳು ವರ್ಷ! ಆಕೆಯನ್ನು ಕೋಣೆಯಿಂದ ಹೊರಹಾಕುವ ಮಾತು ಬಂತಂತೆ. ಆದರೆ ಆ ಕಸ, ಆ ಚಾಪೆ, ಆ ಹಳಿ ಇಷ್ಟನ್ನೂ ಪುಕ್ಕಟೆ ಮಾಡುವ ಇನ್ನೊಬ್ಬ ದೈವಭಕ್ತರು ಸಭೆಯಲ್ಲಿ ಸಿಗಲಿಲ್ಲ. ಅಪ್ಪನನ್ನು ಮಾತ್ರ ಮೇಸ್ತ್ರಿಯವರು ಅರಳೆ ದೂಳಿನ ವಿಭಾಗಕ್ಕೆ ತಳ್ಳಿದರು. ಅಪ್ಪನ ಕೆಮ್ಮು ಅಲ್ಲಿಂದ ಶುರುವಾಯಿತು.

ನನಗೆ ನನ್ನ ಮೇಲೂ ಸಿಟ್ಟಿದೆ. ಹದಿನಾರಕ್ಕೆ ನಾನೂ ಸಭೆಯ ಪೂರ್ಣ ಸದಸ್ಯೆಯಾದೆ. ಪಟ್ಟಿಯಲ್ಲಿ ನನ್ನ ಹೆಸರು ಬಂತು. ಟೀಚರ್ ತರಬೇತಿಗೆ ಹೋಗಲು ಹಿರಿಯರ ಶಿಫಾರಸು ಪತ್ರ ಬೇಕಿತ್ತು. ಹೆತ್ತವ್ವನನ್ನೂ ಎಸ್ತೇರಮ್ಮನನ್ನೂ ಹಿಂದಿನ ಚಾಪೆಯಲ್ಲಿ ಬಿಟ್ಟು ನಾನು ಮುಂದೆ ಹೋಗಿ ರೊಟ್ಟಿ ತಿಂದೆ. ಬೆವರುತ್ತಾ ಹಿಂದಿರುಗಿದಾಗ ಎಸ್ತೇರಮ್ಮ ಬೈಯಲಿಲ್ಲ. "ತಗಂಡ್ಯಾ? ಚೊಲೋ ಆತು. ನಮ್ಮ ಸಲುವಾಗಿ ನೀ ಉಪಾಸ ಇರಬ್ಯಾಡ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಕೆಗೂ ಒಂದು ಸೋಲಿತ್ತು. ಒಮ್ಮೆ ಚಾಪೆ ಸುತ್ತಿಡುತ್ತಾ ನನ್ನೊಡನೆ ಹೇಳಿಕೊಂಡಳು. "ಪೌಲಪ್ಪನ ಬಾಯಿ ಮುಚ್ಚಿಸೋದು ನಂಗೆ ದೊಡ್ಡದಲ್ಲ. ನಿಮ್ಮವ್ವನ ಎದಿಯಾಗ ಕುಂತಾನಲ್ಲ ಆ ಪೌಲಪ್ಪ, ಅವನ್ನ ಎಬ್ಬಿಸಾಕ ಆಗವಲ್ದು. ಆಕಿ ಬಾಯಿಂದ ಬರಬೇಕು ವಿಮಲಿ, ಕೂಸನ್ನ ಕೊಂದೋನು ದೇವ್ರಲ್ಲ ಅಂತ. ಅಷ್ಟು ಅಂದ ದಿನ ನಾನೂ ಮೇಜಿಗೆ ಹೋಗ್ತೀನಿ." ನಮ್ಮವ್ವ ಸಭೆಯ ಮುಂದೆ ನಿಂತು ತಪ್ಪಾಯಿತು ಎನ್ನಲು ಎಷ್ಟೋ ಸಲ ಎದ್ದದ್ದುಂಟು. ಪ್ರತಿ ಸಲ ಎಸ್ತೇರಮ್ಮ ಸೆರಗು ಹಿಡಿದು ಎಳೆದು ಕೂರಿಸುತ್ತಿದ್ದಳು.

ಎಂಟನೆಯ ವರ್ಷ ಎಸ್ತೇರಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹರಿಹರಕ್ಕೆ ಮದುವೆಯಾಗಿ ಹೋಗಿದ್ದ ಆಕೆಯ ಮಗಳು ಬಂದು ಅಲ್ಲಿಗೆ ಕರೆದೊಯ್ದಳು. ಸ್ಟೇಷನ್ನಿನ ಹಿಂದೆ ಮಗಳ ಮನೆ, ಒಂದೇ ಕೋಣೆ. ಜ್ವರ ಬಿಡುತ್ತಿಲ್ಲ, ಬಹಳ ದಿನ ಉಳಿಯುವಂತಿಲ್ಲ ಎಂದು ಸುದ್ದಿ ಬಂದಾಗ ನಾನೂ ಅವ್ವನೂ ಬೆಳಗಿನ ಬಸ್ಸು ಹಿಡಿದು ಹೋದೆವು. ಆಗ ನಾನು ತರಬೇತಿ ಮುಗಿಸಿದ ಹತ್ತೊಂಬತ್ತರ ಹುಡುಗಿ. ಆಕೆ ಹಗ್ಗದ ಮಂಚದ ಮೇಲೆ ಮೂಳೆಯ ಗೂಡಾಗಿ ಮಲಗಿದ್ದಳು. ನಮ್ಮನ್ನು ಕಂಡು, "ಬಂದ್ರಾ? ಇಷ್ಟು ತಡವಾಗಿ? ಬಸ್ಸಿನೋನು ನಿದ್ದಿ ಮಾಡ್ತಿದ್ನೇನು?" ಎಂದಳು. ದನಿ ಇಳಿದಿತ್ತು, ಬಾಯಿ ಇಳಿದಿರಲಿಲ್ಲ.

ಮಧ್ಯಾಹ್ನ ಹೊಸ ಅಯ್ಯನವರು ಬಂದರು. ಚಿಕ್ಕ ವಯಸ್ಸಿನವರು, ಬಂದು ತಿಂಗಳೂ ಆಗಿರಲಿಲ್ಲ. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಕರ್ತನ ಭೋಜನ ಕೊಡುವುದುಂಟು, ಅದಕ್ಕಾಗಿ ಸಣ್ಣ ಪೆಟ್ಟಿಗೆಯಲ್ಲಿ ರೊಟ್ಟಿ, ಬಟ್ಟಲು ತಂದಿದ್ದರು. ದಾರಿ ತೋರಿಸಲು ಜೊತೆಗೆ ಪೌಲಪ್ಪ ಹಿರಿಯರೂ ಬಂದಿದ್ದರು. ಒಳಗೆ ಬಂದವರೇ, "ಹಳೆಯದೆಲ್ಲ ಮುಗಿಯಿತು ಎಸ್ತೇರಮ್ಮ. ಸಭೆ ನಿಮ್ಮನ್ನು ಕ್ಷಮಿಸಿದೆ" ಎಂದರು. ಕ್ಷಮಿಸಿದೆಯಂತೆ! ಆಕೆಯನ್ನು! ಮಂಚದ ಕಾಲನ್ನು ನಾನು ಅಷ್ಟು ಬಿಗಿಯಾಗಿ ಹಿಡಿಯದಿದ್ದರೆ ಆ ದಿನ ಏನು ಮಾಡುತ್ತಿದ್ದೆನೋ.

ಅಯ್ಯನವರು ಪ್ರಾರ್ಥನೆ ಮಾಡಿ, ರೊಟ್ಟಿ ಮುರಿದು ಆಕೆಯ ಬಾಯಿಯ ಬಳಿ ಹಿಡಿದರು. ಎಸ್ತೇರಮ್ಮ ತುಟಿ ಬಿಗಿದುಕೊಂಡಳು. ಕಣ್ಣಿನಲ್ಲೇ ನಮ್ಮವ್ವನನ್ನು ತೋರಿಸಿದಳು. ಅಯ್ಯನವರಿಗೆ ಅರ್ಥವಾಗದೆ ಹಿರಿಯರ ಕಡೆ ನೋಡಿದರು.

"ಆಕೆಯದು ಬೇರೆ ವಿಷಯ ಅಯ್ಯನವರೇ. ಆಕೆ ಇನ್ನೂ ತಪ್ಪೊಪ್ಪಿಕೊಂಡಿಲ್ಲ" ಎಂದರು ಹಿರಿಯರು.

ಏಳು ವರ್ಷದಿಂದ ಆ ರೊಟ್ಟಿಗಾಗಿ ಈ ಮುದುಕಿಯ ಜೀವ ಎಷ್ಟು ಹಂಬಲಿಸಿತ್ತೆಂದು ಪಕ್ಕದಲ್ಲಿ ಕೂತು ನೋಡಿದವಳು ನಮ್ಮವ್ವ ಒಬ್ಬಳೇ. ಈಗ ಅದು ತುಟಿಯವರೆಗೆ ಬಂದಿದೆ, ಆಕೆ ತನ್ನಿಂದಾಗಿ ಅದನ್ನು ಬಿಟ್ಟು ಸಾಯಲು ಹೊರಟಿದ್ದಾಳೆ. ಅವ್ವ ಮಂಚದ ಅಂಚಿನಿಂದ ಎದ್ದಳು. ತಪ್ಪಾಯಿತು ಎಂದುಬಿಡುತ್ತಾಳೆ ಎಂದೇ ನಾನು ಅಂದುಕೊಂಡೆ. ಹಿರಿಯರೂ ಹಾಗೇ ಅಂದುಕೊಂಡಿರಬೇಕು, ಕೈಕಟ್ಟಿ ಕಾದು ನಿಂತರು.

"ಅಯ್ಯನವರೇ, ನನ್ನ ಕೂಸು ಮೋಹನ ಗಂಟಲಮಾರಿಗೆ ಸತ್ತ" ಎಂದಳು ಅವ್ವ. "ಬೂದಿಗೆ ಸಾಯಲಿಲ್ಲ. ದೇವ್ರು ಅವನ್ನ ಕೊಂದಿಲ್ಲ. ನಾ ಒರೆಸಬೇಕಾಗಿರ್ಲಿಲ್ಲ, ಅವ ನಿದ್ದಿ ಮಾಡ್ತಿದ್ದ. ನಂಗೂ ಕೊಡ್ರಿ."

"ಶಾಂತಮ್ಮ, ದೇವರ ಭಯ ಇರಲಿ" ಎಂದರು ಹಿರಿಯರು.

ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಚಾಚಿ ನಿಂತಳು. ಚಿಕ್ಕ ಅಯ್ಯನವರು ಒಂದು ಗಳಿಗೆ ತಡೆದರು. ಆಮೇಲೆ ರೊಟ್ಟಿಯನ್ನು ಮೊದಲು ಅವಳ ಕೈಯಲ್ಲಿಟ್ಟರು. ಎಸ್ತೇರಮ್ಮ ಆಗ ಬಾಯಿ ತೆರೆದಳು. ತನ್ನ ಚೂರನ್ನು ನಿಧಾನವಾಗಿ ನುಂಗಿ, ಬಟ್ಟಲಿನಿಂದ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದಳು. ಮತ್ತೆ ಕಣ್ಣು ಬಿಟ್ಟು ನಮ್ಮವ್ವನನ್ನು ಬೈದಳು.

"ಇಷ್ಟು ಹೇಳಾಕ ಏಳು ವರ್ಷ ಬೇಕಾತೇನೇ ನಿಂಗೆ? ಕಾದು ಕಾದು ನನ್ನ ಹಲ್ಲೆಲ್ಲ ಬಿದ್ದುಹೋದ್ವು."

ಅವ್ವ ಮೊದಲು ನಕ್ಕಳು. ಆಮೇಲೆ, ಆ ಗುಂಡಿಯ ಮುಂದೆ ನಿಲ್ಲಿಸಿದ್ದ ಅಳುವನ್ನು ಎಸ್ತೇರಮ್ಮನ ಎದೆಯ ಮೇಲೆ ತಲೆಯಿಟ್ಟು ಪೂರ್ತಿ ಅತ್ತಳು. ಹಿರಿಯರು ಯಾವಾಗ ಹೊರಟು ಹೋದರೋ ನಾವು ಯಾರೂ ನೋಡಲಿಲ್ಲ. ಆ ವಾರದಲ್ಲೇ ಎಸ್ತೇರಮ್ಮ ತೀರಿಕೊಂಡಳು.